ಕಂದು ಕಲೆಯ ಹಲ್ಲಿಗೆ ಚಿಕಿತ್ಸೆ: ನಮ್ಮ ಬೋರ್‌ವೆಲ್ ಸೀಮೆಯವರಿಗೆ ಹೆಜ್ಜೆ ಹೆಜ್ಜೆಯ ಮಾರ್ಗದರ್ಶಿ

ಪಾವಗಡದ ಕಡೆಯವರನ್ನು ಹಲ್ಲು ನೋಡಿಯೇ ಹೇಳಿಬಿಡಬಹುದು ಎಂದು ತುಮಕೂರಿನ ಹಾಸ್ಟೆಲ್‌ನಲ್ಲಿ ಒಬ್ಬ ಗೆಳತಿ ಹೇಳಿದ್ದಳು. ನೋಯಿಸಬೇಕೆಂದು ಆಡಿದ ಮಾತಲ್ಲ ಅದು. ಆದರೂ ಆ ರಾತ್ರಿ ನಾನು ಬಹಳ ಹೊತ್ತು ಕನ್ನಡಿ ಮುಂದೆ ನಿಂತಿದ್ದೆ. ಮೇಲಿನ ಎರಡು ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ. ಅಕ್ಕಪಕ್ಕದ ಹಲ್ಲುಗಳಲ್ಲಿ ಸುಣ್ಣ ಬಳಿದಂಥ ಬಿಳಿ ಮಚ್ಚೆ. ಚಿಕ್ಕವಳಿದ್ದಾಗ ಅಮ್ಮ ಇದ್ದಿಲ ಪುಡಿಗೆ ಉಪ್ಪು ಸೇರಿಸಿ ತಿಕ್ಕಿಸಿದ್ದರು. ಒಸಡಿನಿಂದ ರಕ್ತ ಬಂತು, ಕಲೆ ಹೋಗಲಿಲ್ಲ.

ಈಗ ಆ ಪಟ್ಟೆ ಇಲ್ಲ. ಹಲ್ಲುಗಳು ನನ್ನವೇ. ಕ್ಯಾಪ್‌ಗಾಗಿ ಒಂದನ್ನೂ ತೇಯಿಸಿಕೊಂಡಿಲ್ಲ. ನನ್ನ ಚಿಕ್ಕಮ್ಮನ ಮಗಳ ಕಥೆ ಬೇರೆಯಾಯಿತು. ಮದುವೆಗೆ ಮೂರು ವಾರ ಇದೆ ಎನ್ನುವಾಗ ಅವಳು ಒಂದು ಕ್ಲಿನಿಕ್‌ಗೆ ಹೋದಳು. ಅದೇ ದಿನ ಅವಳ ಆರು ಮುಂದಿನ ಹಲ್ಲುಗಳನ್ನು ತೇಯ್ದು ಕ್ಯಾಪ್ ಹಾಕಲು ಶುರು ಮಾಡಿದರು. ಆರರಲ್ಲಿ ಎರಡಕ್ಕೆ ಆಮೇಲೆ ರೂಟ್ ಕೆನಾಲ್, ಅಂದರೆ ಹಲ್ಲಿನೊಳಗಿನ ನರ ತೆಗೆಯುವ ಚಿಕಿತ್ಸೆ, ಆಯಿತು. ಅವಳ ಕಲೆ ನನ್ನದಕ್ಕಿಂತ ತಿಳಿಯಾಗಿತ್ತು. ಇದನ್ನು ನೆನೆದಾಗ ನನಗೆ ಇಂದಿಗೂ ಸಂಕಟವಾಗುತ್ತದೆ. ಯಾವುದನ್ನು ಮೊದಲು ಮಾಡಿಸಬೇಕು, ಯಾವುದನ್ನು ಕೊನೆಗೆ ಇಟ್ಟುಕೊಳ್ಳಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಲೆ ಯಾವುದು ಎಂದು ತಿಳಿಯಿರಿ

ಪಾವಗಡ, ಶಿರಾ, ಬಾಗೇಪಲ್ಲಿ, ಮುಳಬಾಗಿಲು ಎಲ್ಲವೂ ಆಳದ ಬೋರ್‌ವೆಲ್ ನೀರಿನ ಮೇಲೆ ಬದುಕಿದ ಊರುಗಳು. ಈ ಭಾಗದ ಗ್ರಾನೈಟ್ ಬಂಡೆಯಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ನೀರು ಬಂಡೆಯ ಸಂದಿಯಲ್ಲಿ ವರ್ಷಾನುಗಟ್ಟಲೆ ನಿಂತಾಗ ಆ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5 ತನಕ ಪರವಾಗಿಲ್ಲ. ಇದು ಭಾರತೀಯ ಮಾನಕ ಹೇಳುವ ಮಿತಿ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಮಗು ಕುಡಿಯುತ್ತಾ ಬೆಳೆದರೆ, ಒಸಡಿನೊಳಗೆ ಇನ್ನೂ ತಯಾರಾಗುತ್ತಿರುವ ಹಲ್ಲಿನ ಮೇಲ್ಪದರ, ಅಂದರೆ ಎನಾಮಲ್, ಸರಿಯಾಗಿ ಗಟ್ಟಿಯಾಗುವುದಿಲ್ಲ. ಅದರಲ್ಲಿ ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ. ಹಲ್ಲು ಹೊರಗೆ ಬಂದಾಗ ಅಲ್ಲಿ ಬಿಳಿ ಮಚ್ಚೆ ಕಾಣುತ್ತದೆ. ವರ್ಷ ಕಳೆದಂತೆ ಆ ತೂತುಗಳು ಬಣ್ಣ ಹೀರಿಕೊಂಡು ಕಂದು ಆಗುತ್ತವೆ.

ಇದರಿಂದ ಎರಡು ಮಾತು ಸ್ಪಷ್ಟವಾಗುತ್ತವೆ. ನೀವು ಬ್ರಷ್ ಮಾಡದ್ದರಿಂದ ಈ ಕಲೆ ಬಂದಿಲ್ಲ, ತಿಕ್ಕಿದರೆ ಹೋಗುವುದೂ ಇಲ್ಲ. ಇನ್ನೊಂದು, ಕಂದು ಬಣ್ಣ ಬಹಳ ಸಲ ಮೇಲ್ಪದರದಲ್ಲೇ ಇರುತ್ತದೆ. ಅಲ್ಲೇ ನಮಗೆ ದಾರಿ ಸಿಗುವುದು.

ಅಮೆರಿಕದ ಕೊಲೊರಾಡೊದಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು 1901ರಲ್ಲೇ ಇಂಥ ಹಲ್ಲು ನೋಡಿ ತಲೆ ಕೆಡಿಸಿಕೊಂಡಿದ್ದರು. ಕಾರಣ ನೀರಿನ ಫ್ಲೋರೈಡ್ ಎಂದು ಗೊತ್ತಾಗಿದ್ದು 1931ರಲ್ಲಿ. ಮೂವತ್ತು ವರ್ಷ ಹುಡುಕಿದ ಮೇಲೆ ಸಿಕ್ಕ ಉತ್ತರ ಅದು. ಹಾಗಿರುವಾಗ ನಮ್ಮ ಅಮ್ಮಂದಿರು ಇದ್ದಿಲು ಹಿಡಿದದ್ದರಲ್ಲಿ ಏನು ತಪ್ಪು?

ಫ್ಲೋರೈಡ್‌ನಿಂದ ಬರುವ ಈ ಕಲೆಗೆ ಫ್ಲೋರೋಸಿಸ್ ಎನ್ನುತ್ತಾರೆ. ಎಲ್ಲ ಕಲೆಯೂ ಫ್ಲೋರೋಸಿಸ್ ಅಲ್ಲ. ಫ್ಲೋರೋಸಿಸ್ ಕಲೆ ಎಡಬಲ ಎರಡೂ ಕಡೆ ಜೋಡಿಯಾಗಿ, ಹಲ್ಲಿಗೆ ಅಡ್ಡಡ್ಡವಾಗಿ ಇರುತ್ತದೆ. ಒಂದೇ ಹಲ್ಲು ಬೂದು ಬಣ್ಣಕ್ಕೆ ತಿರುಗಿದ್ದರೆ ಚಿಕ್ಕಂದಿನಲ್ಲಿ ಬಿದ್ದು ಪೆಟ್ಟಾಗಿ ಅದರ ನರ ಸತ್ತಿರಬಹುದು. ಅದಕ್ಕೆ ರೂಟ್ ಕೆನಾಲ್ ಮಾಡಿ ಒಳಗಿನಿಂದಲೇ ಬ್ಲೀಚ್ ಮಾಡುತ್ತಾರೆ. ಎಲೆ ಅಡಿಕೆ, ಹೊಗೆಸೊಪ್ಪು, ಬೀಡಿ, ಕಾಫಿಯ ಕಲೆ ಹಲ್ಲಿನ ಮೇಲೆ ಅಂಟಿಕೊಂಡಿರುತ್ತದೆ, ಕ್ಲೀನಿಂಗ್‌ನಲ್ಲೇ ಬಹುಪಾಲು ಹೋಗುತ್ತದೆ. ಒಸಡಿನ ತೊಂದರೆಗೆ ಕೊಡುವ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಅನ್ನು ವಾರಗಟ್ಟಲೆ ಬಳಸಿದರೂ ಹಲ್ಲು ಕಂದಾಗುತ್ತದೆ. ಚಿಕ್ಕ ವಯಸ್ಸಿನಲ್ಲಿ ಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಮಾತ್ರೆ ತಿಂದವರಿಗೆ ಬೂದು ಪಟ್ಟೆ ಬರಬಹುದು. ತೆಗೆಯಲು ಎಲ್ಲಕ್ಕಿಂತ ಕಷ್ಟ ಅದೇ.

ಯಾರ ಹತ್ತಿರ ಹೋಗಬೇಕು

ಬಿಡಿಎಸ್ ಅಥವಾ ಎಂಡಿಎಸ್ ಓದಿ ಕರ್ನಾಟಕ ರಾಜ್ಯ ದಂತ ಪರಿಷತ್ತಿನಲ್ಲಿ ನೋಂದಣಿ ಆದವರು ಮಾತ್ರ ಹಲ್ಲಿಗೆ ಕೈ ಹಾಕಬಹುದು. ಕ್ಲಿನಿಕ್‌ಗೆ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ನೋಂದಣಿ ಬೇಕು. ಅದರ ಪ್ರಮಾಣಪತ್ರ ಎಲ್ಲಿದೆ ಎಂದು ಕೇಳಲು ಸಂಕೋಚ ಬೇಡ. ಬ್ಯೂಟಿ ಪಾರ್ಲರ್‌ನಲ್ಲಿ ಹಲ್ಲು ಬಿಳುಪು ಮಾಡುತ್ತೇವೆ ಎಂದರೆ ಬೇಡ ಅನ್ನಿ. ಸಂತೆಯಲ್ಲಿ ಬಾಟಲಿ ಹಿಡಿದು ಕೂರುವವರ ಹತ್ತಿರವಂತೂ ಸುಳಿಯಬೇಡಿ. ಅದು ಆಸಿಡ್. ಆ ಕ್ಷಣಕ್ಕೆ ಹಲ್ಲು ಬೆಳ್ಳಗೆ ಕಾಣುತ್ತದೆ, ಎನಾಮಲ್ ಕರಗಿರುತ್ತದೆ.

ದುಡ್ಡಿನ ಯೋಚನೆ ಇದ್ದರೆ ಡೆಂಟಲ್ ಕಾಲೇಜು ನೋಡಿ. ತುಮಕೂರಿನ ಅಗಳಕೋಟೆಯಲ್ಲಿ ಶ್ರೀ ಸಿದ್ಧಾರ್ಥ ದಂತ ಮಹಾವಿದ್ಯಾಲಯ ಇದೆ. ಕೋಲಾರದವರಿಗೆ ಕೆಜಿಎಫ್‌ನ ಬೆಮೆಲ್ ನಗರದಲ್ಲಿ ದಂತ ಕಾಲೇಜು ಇದೆ. ಚಿಕ್ಕಬಳ್ಳಾಪುರದವರಿಗೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ದಂತ ಕಾಲೇಜು ಇದೆ. ಕಾಲೇಜುಗಳಲ್ಲಿ ಕೆಲಸ ನಿಧಾನ, ಓಡಾಟ ಜಾಸ್ತಿ. ಆದರೆ ವಿದ್ಯಾರ್ಥಿ ಮಾಡಿದ ಪ್ರತಿ ಹಂತವನ್ನು ಪ್ರೊಫೆಸರ್ ನೋಡುತ್ತಾರೆ. ಖರ್ಚೂ ಕಡಿಮೆ. ಕಲೆ ತೆಗೆಸುವುದಕ್ಕೆ ಹಲ್ಲು ಕೀಳದೆ ಉಳಿಸಿ ಸರಿ ಮಾಡುವ ಕನ್ಸರ್ವೇಟಿವ್ ವಿಭಾಗ ಕೇಳಿ.

ಮೊದಲ ಭೇಟಿಯಲ್ಲಿ ಬಾಯಿ ಪೂರ್ತಿ ನೋಡುತ್ತಾರೆ. ಬೇಕಿದ್ದರೆ ಎಕ್ಸ್‌ರೇ ತೆಗೆಯುತ್ತಾರೆ. ಬಣ್ಣದ ಪಟ್ಟಿ ಹಿಡಿದು ನಿಮ್ಮ ಹಲ್ಲು ಎ2, ಎ3 ಎಂದೆಲ್ಲ ಗುರುತು ಹಾಕಿಕೊಂಡು ಫೋಟೋ ತೆಗೆದುಕೊಳ್ಳುತ್ತಾರೆ. ಆ ಫೋಟೋ ನಿಮ್ಮ ಮೊಬೈಲ್‌ನಲ್ಲೂ ಇರಲಿ. ನಾಲ್ಕು ವಾರ ಆದ ಮೇಲೆ ಮೊದಲು ಹೇಗಿತ್ತು ಎಂಬುದೇ ಮರೆತುಹೋಗುತ್ತದೆ. ಹುಳುಕು ಇದ್ದರೆ, ಒಸಡು ಊದಿದ್ದರೆ ಮೊದಲು ಅದನ್ನು ಸರಿ ಮಾಡಬೇಕು. ಒಸಡಿನಲ್ಲಿ ರಕ್ತ ಬರುವಾಗಲೇ ಅಂದದ ಕೆಲಸ ಶುರು ಮಾಡುವ ಡಾಕ್ಟರ್ ಬೇಡ.

ಆಮೇಲೆ ಒಂದು ಪ್ರಶ್ನೆ ಕೇಳಿ: "ಡಾಕ್ಟ್ರೇ, ನನ್ನ ಹಲ್ಲನ್ನು ತೇಯದೆ ಎಷ್ಟು ಸರಿ ಮಾಡಬಹುದು?" ಇದಕ್ಕೆ ಸಮಾಧಾನವಾಗಿ ಉತ್ತರ ಕೊಡುವವರ ಹತ್ತಿರ ಕೂರಿ.

ಹೆಜ್ಜೆ 1: ಕ್ಲೀನಿಂಗ್

ಇದಕ್ಕೆ ಸ್ಕೇಲಿಂಗ್ ಎನ್ನುತ್ತಾರೆ. ಸಣ್ಣಗೆ ನಡುಗುವ ಉಪಕರಣದ ತುದಿ ನೀರು ಚಿಮ್ಮಿಸುತ್ತಾ ಗಟ್ಟಿಯಾದ ಪಾಚಿಯನ್ನು ಉದುರಿಸುತ್ತದೆ. ಅರ್ಧ, ಮುಕ್ಕಾಲು ಗಂಟೆಯ ಕೆಲಸ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ನಮ್ಮ ಊರಲ್ಲಿ ಎಲ್ಲರೂ ಹೇಳುತ್ತಾರೆ. ಹಾಗಲ್ಲ. ಸಂದಿಯಲ್ಲಿ ತುಂಬಿದ್ದ ಪಾಚಿ ಹೋಗಿದ್ದರಿಂದ ಅಲ್ಲಿ ಖಾಲಿ ಅನ್ನಿಸುತ್ತದೆ, ಅಷ್ಟೇ. ನಾಲ್ಕೈದು ದಿನ ತಣ್ಣೀರಿಗೆ ಜುಮ್ ಎನ್ನಬಹುದು. ಒಸಡು ಮಾಗಲು ಒಂದೆರಡು ವಾರ ಬಿಡಿ.

ಹೆಜ್ಜೆ 2: ಮೈಕ್ರೋಅಬ್ರೇಷನ್

ನಮ್ಮ ಸೀಮೆಯವರು ಈ ಹೆಸರನ್ನು ನೆನಪಿಟ್ಟುಕೊಳ್ಳಲೇಬೇಕು. ಜಾಹೀರಾತಿನಲ್ಲಿ ಇದು ಕಾಣುವುದೇ ಇಲ್ಲ. ಆದರೆ ನನ್ನ ಕಂದು ಪಟ್ಟೆಯ ಮುಕ್ಕಾಲು ಪಾಲು ಹೋಗಿದ್ದು ಇದರಲ್ಲೇ.

ಬಾಯಿಗೆ ತೆಳು ರಬ್ಬರ್ ಹಾಳೆ ಹಾಕಿ ಹಲ್ಲುಗಳನ್ನು ಮಾತ್ರ ಹೊರಗೆ ಬಿಡುತ್ತಾರೆ. ಒಸಡಿಗೆ ಔಷಧ ತಾಗಬಾರದು ಎಂದು. ಕಣ್ಣಿಗೆ ಕನ್ನಡಕ ಕೊಡುತ್ತಾರೆ. ಕಡಿಮೆ ಸಾಂದ್ರತೆಯ ಆಸಿಡ್ ಮತ್ತು ನುಣ್ಣನೆ ಪುಡಿ ಬೆರೆತ ಪೇಸ್ಟನ್ನು ಹಲ್ಲಿನ ಮೇಲಿಟ್ಟು ರಬ್ಬರ್ ಕಪ್‌ನಿಂದ ಕೆಲವು ಸೆಕೆಂಡ್ ಮೆಲ್ಲಗೆ ಉಜ್ಜುತ್ತಾರೆ. ತೊಳೆದು ನೋಡುತ್ತಾರೆ. ಮತ್ತೆ ಉಜ್ಜುತ್ತಾರೆ. ಹೀಗೆ ಹಲವು ಸಲ. ಇದರಲ್ಲಿ ಹೋಗುವುದು ಒಂದು ಮಿಲಿಮೀಟರ್‌ನ ಹತ್ತನೇ ಒಂದೆರಡು ಭಾಗದಷ್ಟು ಮೇಲ್ಪದರ ಮಾತ್ರ. ಇಂಜೆಕ್ಷನ್ ಬೇಕಾಗುವುದಿಲ್ಲ. ನನಗೆ ನೋವು ಆಗಲಿಲ್ಲ, ಬಾಯಿ ತೆರೆದು ತೆರೆದು ದವಡೆ ಮಾತ್ರ ದಣಿಯಿತು.

ಸಂತೆಯ ಬಾಟಲಿಯಲ್ಲೂ ಆಸಿಡ್, ಇಲ್ಲೂ ಆಸಿಡ್ ಅಲ್ವಾ ಎಂದು ನೀವು ಕೇಳಬಹುದು. ವ್ಯತ್ಯಾಸ ಇರುವುದು ಅಳತೆಯಲ್ಲಿ. ಡಾಕ್ಟರ್ ಬಳಸುವ ಒಂದು ಸಿದ್ಧ ಪೇಸ್ಟ್‌ನಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಶೇ. 6.6ರಷ್ಟು. ಎಷ್ಟು ಹೊತ್ತು, ಎಷ್ಟು ಸಲ ಎನ್ನುವುದಕ್ಕೆ ಲೆಕ್ಕ ಇದೆ. ನೋಡುವ ಕಣ್ಣೂ ಇದೆ.

ಮುಗಿದ ಮೇಲೆ ಫ್ಲೋರೈಡ್ ಜೆಲ್ ಹಚ್ಚಿದರು. ನಾನು ಹೌಹಾರಿದೆ. ಫ್ಲೋರೈಡ್‌ನಿಂದಲೇ ಹಾಳಾದ ಹಲ್ಲಿಗೆ ಮತ್ತೆ ಫ್ಲೋರೈಡಾ? ಡಾಕ್ಟರ್ ಬಿಡಿಸಿ ಹೇಳಿದರು: ಹಲ್ಲು ತಯಾರಾಗುವಾಗ ಹೊಟ್ಟೆಗೆ ಹೋದ ಫ್ಲೋರೈಡ್ ಕಲೆ ಮಾಡುತ್ತದೆ. ಬೆಳೆದು ಮುಗಿದ ಹಲ್ಲಿಗೆ ಹೊರಗಿನಿಂದ ಹಚ್ಚಿದರೆ ಅದು ಗಟ್ಟಿ ಮಾಡುತ್ತದೆ, ಕಲೆ ಮಾಡುವುದಿಲ್ಲ.

ಆ ದಿನವೇ ಕನ್ನಡಿ ನೋಡಿ ತೀರ್ಮಾನ ಮಾಡಬೇಡಿ. ಹಲ್ಲು ಒಣಗಿದಾಗ ಬಿಳಿ ಮಚ್ಚೆ ಜಾಸ್ತಿ ಕಾಣುತ್ತದೆ. ನಿಜವಾದ ಬಣ್ಣ ತಿಳಿಯಲು ಎರಡು ವಾರ ಬೇಕು. ಕಲೆ ಆಳಕ್ಕೆ ಇಳಿದಿದ್ದರೆ, ಹಲ್ಲಿನಲ್ಲಿ ಗುಳಿ ಬಿದ್ದಿದ್ದರೆ ಇದೊಂದರಿಂದಲೇ ಆಗುವುದಿಲ್ಲ.

ಬಿಳಿ ಮಚ್ಚೆಗೆ ರೆಸಿನ್ ಇನ್‌ಫಿಲ್ಟ್ರೇಷನ್ ಎಂಬ ಇನ್ನೊಂದು ಉಪಾಯ ಇದೆ. ಬಜ್ಜಿ ಕಟ್ಟಿಕೊಟ್ಟ ಕಾಗದದಲ್ಲಿ ಎಣ್ಣೆ ಬಿದ್ದ ಕಡೆ ಬೆಳಕು ದಾಟುತ್ತದೆ ಅಲ್ವಾ? ಹಾಗೆಯೇ ಎನಾಮಲ್‌ನ ತೂತುಗಳಿಗೆ ನೀರಿನಂಥ ರೆಸಿನ್ (ಆಮೇಲೆ ಗಟ್ಟಿಯಾಗುವ ಅಂಟಿನಂಥ ದ್ರವ) ಇಳಿಸಿ ಬೆಳಕಿನಿಂದ ಗಟ್ಟಿ ಮಾಡುತ್ತಾರೆ. ಮಚ್ಚೆ ಸುತ್ತಲಿನ ಬಣ್ಣಕ್ಕೆ ಸೇರಿಹೋಗುತ್ತದೆ. ಎಲ್ಲ ಕ್ಲಿನಿಕ್‌ಗಳಲ್ಲೂ ಸಿಗುವುದಿಲ್ಲ, ಔಷಧ ದುಬಾರಿ. ಕೇಳಿ ನೋಡಿ.

ಹೆಜ್ಜೆ 3: ಬ್ಲೀಚಿಂಗ್

ಪಟ್ಟೆ ಹೋದ ಮೇಲೆ ಉಳಿಯುವ ಹಳದಿಗೆ ಬ್ಲೀಚಿಂಗ್. ಕ್ಲಿನಿಕ್‌ನಲ್ಲೇ ಕೂರಿಸಿ ಮಾಡುವುದು ಒಂದು ಬಗೆ. ಒಸಡಿಗೆ ರಕ್ಷಣೆ ಹಚ್ಚಿ, ಬಲವಾದ ಹೈಡ್ರೋಜನ್ ಪೆರಾಕ್ಸೈಡ್ ಜೆಲ್ ಹಾಕುತ್ತಾರೆ. ಸುಮಾರು ಒಂದು ಗಂಟೆ. ಫಲ ಬೇಗ, ಜುಮ್ ಎನ್ನುವುದೂ ಜೋರು. ಮನೆಯಲ್ಲಿ ಮಾಡಿಕೊಳ್ಳುವುದು ಇನ್ನೊಂದು ಬಗೆ. ನಿಮ್ಮ ಹಲ್ಲಿನ ಅಚ್ಚು ತೆಗೆದು ತೆಳುವಾದ ಪ್ಲಾಸ್ಟಿಕ್ ಟ್ರೇ ಮಾಡಿಕೊಡುತ್ತಾರೆ. ಅದರಲ್ಲಿ ಹಲ್ಲಿಗೊಂದು ತೊಟ್ಟು ಜೆಲ್ ಹಾಕಿ ರಾತ್ರಿ ಹಾಕಿಕೊಳ್ಳಬೇಕು. ಇದರಲ್ಲಿ ಸಾಮಾನ್ಯವಾಗಿ ಶೇ. 10ರಿಂದ 20ರ ಕಾರ್ಬಮೈಡ್ ಪೆರಾಕ್ಸೈಡ್ ಇರುತ್ತದೆ. ಎರಡು ವಾರ, ಗಟ್ಟಿ ಕಲೆಗೆ ಇನ್ನೂ ಜಾಸ್ತಿ.

ಬೇರೆ ಊರಿಂದ ಬಸ್ಸಿನಲ್ಲಿ ಬರುವವರಿಗೆ ಮನೆಯ ವಿಧಾನವೇ ಒಳ್ಳೆಯದು ಎಂದು ನನಗನ್ನಿಸುತ್ತದೆ. ಓಡಾಟ ಕಡಿಮೆ. ಹಲ್ಲು ಜುಮ್ ಎಂದರೆ ಒಂದು ದಿನ ಬಿಟ್ಟು ಹಾಕಿಕೊಳ್ಳಬಹುದು. ನಾನು ಮೊದಲ ಮೂರು ದಿನ ಆಸೆಯಿಂದ ಜೆಲ್ ಜಾಸ್ತಿ ಹಾಕಿದೆ. ಅದು ಉಕ್ಕಿ ಒಸಡಿಗೆ ತಾಗಿ ಅಲ್ಲಿ ಬೆಳ್ಳಗಾಗಿ ಉರಿಯಿತು. ಒಂದೆರಡು ದಿನ ನಿಲ್ಲಿಸಿದ ಮೇಲೆ ಸರಿಹೋಯಿತು. ನೀವು ಹೇಳಿದಷ್ಟೇ ಹಾಕಿ.

ಬ್ಲೀಚಿಂಗ್‌ನ ನಡುವೆ ಬಿಳಿ ಮಚ್ಚೆ ಎದ್ದು ಕಂಡರೆ ಗಾಬರಿ ಬೇಡ, ಬಹಳ ಜನರಿಗೆ ಹೀಗಾಗುತ್ತದೆ. ಸುತ್ತಲಿನ ಹಲ್ಲು ಬೆಳ್ಳಗಾದಂತೆ ವ್ಯತ್ಯಾಸ ಕಡಿಮೆಯಾಗುತ್ತದೆ. ಕ್ಲಿನಿಕ್ ಬ್ಲೀಚಿಂಗ್ ಆದ ಎರಡು ದಿನ ಕಾಫಿ, ಟೀ, ಅರಿಶಿನ ಹಾಕಿದ ಸಾರು, ಬೀಟ್‌ರೂಟ್, ಎಲೆ ಅಡಿಕೆ ಬೇಡ. ಮೊಸರನ್ನ, ಇಡ್ಲಿ, ಕಾಯಿ ಚಟ್ನಿ, ಹಾಲು ಆದೀತು. ಮನೆಯಲ್ಲಿ ಮಾಡಿಕೊಳ್ಳುವವರು ಆ ವಾರಗಳಲ್ಲಿ ಇವನ್ನು ಕಡಿಮೆ ಮಾಡಿ. ಬಸುರಿಯರು, ಹಾಲುಣಿಸುವ ತಾಯಂದಿರು ಮುಂದೂಡಿ. ಮಕ್ಕಳಿಗೆ ಬೇಡ. ಮೊದಲೇ ಹಾಕಿದ ಸಿಮೆಂಟ್, ಕ್ಯಾಪ್‌ಗಳ ಬಣ್ಣ ಬದಲಾಗುವುದಿಲ್ಲ ಎಂಬುದೂ ನೆನಪಿರಲಿ. ಬಿಳುಪು ಶಾಶ್ವತವಲ್ಲ. ವರ್ಷ ಕಳೆದಂತೆ ಸ್ವಲ್ಪ ಇಳಿಯುತ್ತದೆ. ಟ್ರೇ ಜೋಪಾನವಾಗಿ ಇಟ್ಟುಕೊಂಡರೆ, ಡಾಕ್ಟರ್‌ಗೆ ತೋರಿಸಿ ಜೆಲ್ ಮಾತ್ರ ತಂದು ನಾಲ್ಕು ದಿನ ಹಾಕಿಕೊಳ್ಳಬಹುದು.

ಹೆಜ್ಜೆ 4: ಕಾಂಪೊಸಿಟ್

ಗುಳಿ ಬಿದ್ದ ಹಲ್ಲು, ತುದಿ ಮುರಿದ ಹಲ್ಲು, ಮುಂದಿನ ಎರಡು ಹಲ್ಲುಗಳ ನಡುವಿನ ಸಂದಿ, ಇವಕ್ಕೆಲ್ಲ ಹಲ್ಲಿನ ಬಣ್ಣದ ಕಾಂಪೊಸಿಟ್ ಸಾಕು. ಹಲ್ಲಿಗೆ ಒಂದು ಆಸಿಡ್ ಜೆಲ್ ಹಚ್ಚಿ ತೊಳೆದು, ಅಂಟು ಹಚ್ಚಿ, ಮೇಣದಂಥ ಕಾಂಪೊಸಿಟ್ಟನ್ನು ಪದರ ಪದರವಾಗಿ ಇಟ್ಟು ನೀಲಿ ಬೆಳಕಿನಿಂದ ಗಟ್ಟಿ ಮಾಡುತ್ತಾರೆ. ಕೊನೆಗೆ ಪಾಲಿಶ್. ಒಂದು ಹಲ್ಲಿಗೆ ಅರ್ಧದಿಂದ ಒಂದು ಗಂಟೆ. ಒಂದೇ ಭೇಟಿಯಲ್ಲಿ ಮುಗಿಯುತ್ತದೆ.

ಎರಡು ಎಚ್ಚರಿಕೆ. ಬ್ಲೀಚಿಂಗ್ ಮುಗಿದು ಎರಡು ವಾರ ಆಗುವ ತನಕ ಕಾಂಪೊಸಿಟ್ ಹಾಕಿಸಬೇಡಿ. ಹಲ್ಲಿನಲ್ಲಿ ಉಳಿದ ಪೆರಾಕ್ಸೈಡ್ ಅಂಟನ್ನು ಸಡಿಲ ಮಾಡುತ್ತದೆ. ಬಣ್ಣವೂ ಇನ್ನೂ ನಿಂತಿರುವುದಿಲ್ಲ. ಇನ್ನೊಂದು, ಫ್ಲೋರೋಸಿಸ್ ಹಲ್ಲಿನ ಮೇಲ್ಮೈ ಆಸಿಡ್‌ಗೆ ಸುಲಭವಾಗಿ ಬಗ್ಗುವುದಿಲ್ಲ, ಹಾಗಾಗಿ ಅಂಟು ಸರಿಯಾಗಿ ಹಿಡಿಯದೆ ಬೇಗ ಬಿದ್ದುಹೋಗಬಹುದು. ನಮ್ಮ ಕಡೆಯ ಹಲ್ಲು ನೋಡಿ ಅನುಭವ ಇರುವ ಡಾಕ್ಟರ್ ಆ ಮೇಲ್ಮೈಯನ್ನು ಸ್ವಲ್ಪ ಒರಟು ಮಾಡಿಕೊಂಡು, ಜೆಲ್ ಅನ್ನು ಇನ್ನಷ್ಟು ಹೊತ್ತು ಬಿಡುತ್ತಾರೆ. ಅನುಭವ ಇದೆಯಾ ಎಂದು ಕೇಳಿ.

ನನ್ನ ಎರಡು ಹಲ್ಲಿಗೆ ಹೀಗೆ ಹಾಕಿದ್ದಾರೆ. ಸುಮಾರು ಐದು ವರ್ಷ ಬಾಳುತ್ತದೆ ಎಂದಿದ್ದರು. ಅಂಚಿನಲ್ಲಿ ಕಾಫಿ ಬಣ್ಣ ಹಿಡಿಯುತ್ತದೆ, ವರ್ಷಕ್ಕೊಮ್ಮೆ ಪಾಲಿಶ್ ಮಾಡಿಸುತ್ತೇನೆ. ಚೂರು ಕಿತ್ತುಹೋದರೆ ಅಷ್ಟೇ ಜಾಗಕ್ಕೆ ಮತ್ತೆ ಹಾಕಬಹುದು.

ಹೆಜ್ಜೆ 5: ವೆನೀರ್, ಕೊನೆಗೆ ಕ್ಯಾಪ್

ಇಲ್ಲಿಗೆ ಬರುವ ಮೊದಲು ಒಂದು ತಿಂಗಳು ಸುಮ್ನೆ ಇರಿ. ಇಷ್ಟಾದ ಮೇಲೂ ಕಲೆ ಉಳಿದಿದೆಯಾ, ಅದು ನಿಮಗೆ ನಿಜವಾಗಿ ಬೇಸರ ತರುತ್ತಿದೆಯಾ ನೋಡಿಕೊಳ್ಳಿ. ಬಹಳ ಜನ ಇಲ್ಲಿಗೇ ನಿಲ್ಲಿಸಬಹುದು.

ವೆನೀರ್ ಎಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ಪಿಂಗಾಣಿಯ ತೆಳು ಹಾಳೆ. ಅದಕ್ಕೆ ಜಾಗ ಮಾಡಲು ಸಾಮಾನ್ಯವಾಗಿ ಅರ್ಧ ಮಿಲಿಮೀಟರ್‌ನಷ್ಟು ತೇಯುತ್ತಾರೆ. ಅರ್ಧ ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಆದರೆ ಮುಂದಿನ ಹಲ್ಲಿನ ಎನಾಮಲ್ ದಪ್ಪವೇ ಒಂದು ಮಿಲಿಮೀಟರ್ ಆಸುಪಾಸು. ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಒಮ್ಮೆ ತೇಯಿಸಿದರೆ ಆ ಹಲ್ಲಿಗೆ ಬದುಕಿಡೀ ಹೊದಿಕೆ ಬೇಕು. ವೆನೀರ್ ಸಾಮಾನ್ಯವಾಗಿ ಹತ್ತರಿಂದ ಹದಿನೈದು ವರ್ಷ ಬಾಳುತ್ತದೆ. ಇಪ್ಪತ್ತೈದರಲ್ಲಿ ಹಾಕಿಸಿಕೊಂಡರೆ ಎಪ್ಪತ್ತರ ಒಳಗೆ ಎಷ್ಟು ಸಲ ಬದಲಿಸಬೇಕಾಗುತ್ತದೆ, ನೀವೇ ಲೆಕ್ಕ ಹಾಕಿ. ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದ್ದವರಿಗೆ ಇದು ಬೇಗ ಒಡೆಯುತ್ತದೆ.

ಹಾಗಂತ ವೆನೀರ್ ಕೆಟ್ಟದ್ದಲ್ಲ. ಎನಾಮಲ್ ತುಂಬಾ ಉದುರಿ ಹೋದವರಿಗೆ, ಆಳದ ಕಲೆ ಇರುವವರಿಗೆ ಇದು ದೊಡ್ಡ ವರ. ಮಾಡಿಸುವುದಾದರೆ ತೇಯುವ ಮೊದಲೇ ಮಾಕ್‌ಅಪ್ ತೋರಿಸಿ ಎಂದು ಕೇಳಿ. ಅಚ್ಚಿನ ಮೇಲೆ ಮೇಣದಲ್ಲಿ ಹೊಸ ಆಕಾರ ಮಾಡಿ, ಅದನ್ನು ತಾತ್ಕಾಲಿಕವಾಗಿ ನಿಮ್ಮ ಹಲ್ಲಿನ ಮೇಲೆ ಕೂರಿಸಿ ತೋರಿಸುತ್ತಾರೆ. ಮಾತಾಡಿ, ನಕ್ಕು ನೋಡಿ. ಮನೆಯವರನ್ನೂ ಕರೆದುಕೊಂಡು ಹೋಗಿ. ಒಪ್ಪಿಗೆಯಾದರೆ ಮರುಭೇಟಿಯಲ್ಲಿ ಇಂಜೆಕ್ಷನ್ ಕೊಟ್ಟು ತೇಯ್ದು, ಅಚ್ಚು ತೆಗೆದು ಲ್ಯಾಬ್‌ಗೆ ಕಳಿಸುತ್ತಾರೆ. ಒಂದೆರಡು ವಾರ ತಾತ್ಕಾಲಿಕ ಹೊದಿಕೆ ಇರುತ್ತದೆ. ಆ ದಿನಗಳಲ್ಲಿ ಚಕ್ಕುಲಿ, ನಿಪ್ಪಟ್ಟು ಕಚ್ಚಬೇಡಿ. ಲ್ಯಾಬ್‌ನಿಂದ ಬಂದ ಮೇಲೆ ಅಂಟಿಸುವ ಮುನ್ನ ಸುಮ್ಮನೆ ಕೂರಿಸಿ ತೋರಿಸುತ್ತಾರೆ. ಆಗ ಕುರ್ಚಿಯಿಂದ ಎದ್ದು ಕಿಟಕಿಯ ಹತ್ತಿರ, ಹಗಲ ಬೆಳಕಿನಲ್ಲಿ ಕನ್ನಡಿ ಹಿಡಿದು ನೋಡಿ. ಅಂಟಿಸಿದ ಮೇಲೆ ಬಣ್ಣ ಬದಲಿಸಲು ಆಗುವುದಿಲ್ಲ. ತೀರಾ ಬಿಳಿ ಆರಿಸಬೇಡಿ. ನಿಮ್ಮ ಕಣ್ಣಿನ ಬಿಳಿಗಿಂತ ಹಲ್ಲು ಬೆಳ್ಳಗಿದ್ದರೆ ಮುಖದಲ್ಲಿ ಹಲ್ಲೇ ಕಾಣುತ್ತದೆ.

ಕ್ಯಾಪ್ ಹಲ್ಲನ್ನು ಸುತ್ತಲೂ ಮುಚ್ಚುತ್ತದೆ. ಅದಕ್ಕೆ ಎಲ್ಲ ಕಡೆಯಿಂದ ಒಂದರಿಂದ ಎರಡು ಮಿಲಿಮೀಟರ್ ತೇಯಬೇಕು. ರೂಟ್ ಕೆನಾಲ್ ಆದ ಹಲ್ಲು, ಅರ್ಧ ಮುರಿದ ಹಲ್ಲಿಗೆ ಅದು ಸರಿ. ಗಟ್ಟಿಯಾಗಿರುವ ಹಲ್ಲಿನ ಬಣ್ಣಕ್ಕೋಸ್ಕರ ಮೊದಲ ದಿನವೇ ಕ್ಯಾಪ್ ಎಂದರೆ ಎದ್ದು ಬನ್ನಿ. ಇನ್ನೊಬ್ಬರ ಅಭಿಪ್ರಾಯ ಕೇಳಿ.

ಹಲ್ಲು ವಕ್ರವಾಗಿದ್ದರೆ ಕ್ಲಿಪ್ ಅಥವಾ ಅಲೈನರ್ (ಹಲ್ಲು ಸರಿಸುವ ಪಾರದರ್ಶಕ ಟ್ರೇ). ಒಂದರಿಂದ ಎರಡು ವರ್ಷ ಹಿಡಿಯುತ್ತದೆ, ಆಮೇಲೆ ಹಲ್ಲು ಮತ್ತೆ ಜರುಗದಂತೆ ಹಿಡಿಯುವ ರಿಟೇನರ್ ಹಾಕಿಕೊಳ್ಳಲೇಬೇಕು. ವಕ್ರ ಹಲ್ಲನ್ನು ಬೇಗ ನೆಟ್ಟಗೆ ಕಾಣಿಸಲು ತೇಯ್ದು ಕ್ಯಾಪ್ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಮದುವೆ ಗೊತ್ತಾಗಿದ್ದರೆ

ಕ್ಲೀನಿಂಗ್ ಆಗಿ ಎರಡು ವಾರ. ಮೈಕ್ರೋಅಬ್ರೇಷನ್ ಆಗಿ ಎರಡು ವಾರ. ಬ್ಲೀಚಿಂಗ್‌ಗೆ ಎರಡರಿಂದ ನಾಲ್ಕು ವಾರ. ಮತ್ತೆ ಎರಡು ವಾರ ಕಾದು ಕಾಂಪೊಸಿಟ್. ಕೂಡಿಸಿದರೆ ಎರಡರಿಂದ ಎರಡೂವರೆ ತಿಂಗಳು. ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮುಂಚೆಯೇ ಡಾಕ್ಟರ್ ಹತ್ತಿರ ಹೋಗಿ. ಮೂರೇ ವಾರ ಉಳಿದಿದ್ದರೆ ಕ್ಲೀನಿಂಗ್, ಮೈಕ್ರೋಅಬ್ರೇಷನ್ ಅಷ್ಟು ಮಾಡಿಸಿ. ಉಳಿದದ್ದು ಮದುವೆ ಆದ ಮೇಲೆ.

ಖರ್ಚನ್ನು ಬರೆದುಕೊಡಿ ಎಂದು ಕೇಳಿ. ಹಲ್ಲಿಗೆ ಎಷ್ಟು, ಭೇಟಿಗೆ ಎಷ್ಟು, ಲ್ಯಾಬ್‌ನದು ಸೇರಿದೆಯಾ, ಒಂದು ವರ್ಷದೊಳಗೆ ಕಿತ್ತುಹೋದರೆ ಮತ್ತೆ ದುಡ್ಡು ಕೊಡಬೇಕಾ, ಎಲ್ಲವನ್ನೂ ಬಿಡಿಸಿ ಕೇಳಿ. "ಇವತ್ತೇ ಮಾಡಿಸಿದರೆ ಅರ್ಧ ರೇಟು" ಎಂಬ ಮಾತಿಗೆ ಹಲ್ಲು ಕೊಡಬೇಡಿ.

ಮನೆಯಲ್ಲಿ ಚಿಕ್ಕ ಮಗು ಇದ್ದರೆ

ನನ್ನ ಮಗಳಿಗೆ ಈಗ ಆರು ವರ್ಷ. ನಗುವಾಗ ಕಾಣುವ ಹಲ್ಲುಗಳ ಎನಾಮಲ್ ತಯಾರಾಗುವುದು ಹುಟ್ಟಿದಾಗಿನಿಂದ ಸುಮಾರು ಎಂಟು ವರ್ಷದೊಳಗೆ. ಅಷ್ಟರೊಳಗೆ ಒಳ್ಳೆಯ ನೀರು ಕುಡಿದರೆ ಅವಳಿಗೆ ಈ ಯಾವ ಹೆಜ್ಜೆಯೂ ಬೇಕಾಗುವುದಿಲ್ಲ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಸಾಂದ್ರವಾಗುತ್ತದೆ. ಆರ್‌ಒ ಯಂತ್ರ ತೆಗೆಯುತ್ತದೆ. ಊರ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಕುಡಿಯುವವರು ಅನ್ನ, ಮುದ್ದೆ, ಸಾರಿಗೆ ಮಾತ್ರ ಬೋರ್ ನೀರನ್ನೇ ಹಾಕುತ್ತಾರೆ. ನಾವೂ ಹಾಗೇ ಮಾಡುತ್ತಿದ್ದೆವು. ಅಡುಗೆ ನೀರೂ ಹೊಟ್ಟೆಗೇ ಹೋಗುತ್ತದೆ. ಎರಡಕ್ಕೂ ಒಂದೇ ಕ್ಯಾನ್ ಇರಲಿ. ಮಾಳಿಗೆಯ ಮಳೆನೀರು ಹಿಡಿದಿಟ್ಟರೆ ಅದರಲ್ಲಿ ಫ್ಲೋರೈಡ್ ಹೆಚ್ಚುಕಡಿಮೆ ಇರುವುದೇ ಇಲ್ಲ. ಟೂತ್‌ಪೇಸ್ಟ್ ಮೂರು ವರ್ಷ ದಾಟಿದ ಮಗುವಿಗೆ ಬಟಾಣಿ ಕಾಳಿನಷ್ಟು ಸಾಕು, ನುಂಗದೆ ಉಗಿಯುವುದನ್ನು ಕಲಿಸಿ.

ನಿಮ್ಮ ಬೋರ್ ನೀರಿನಲ್ಲಿ ಎಷ್ಟಿದೆ ಎಂದು ತಿಳಿಯಲು ಶುಭ್ರವಾದ ಒಂದು ಲೀಟರ್ ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಸಲ ತೊಳೆದು ತುಂಬಿಸಿಕೊಳ್ಳಿ. ಗ್ರಾಮ ಪಂಚಾಯಿತಿಗೆ ಕೊಟ್ಟಿರುವ ಪರೀಕ್ಷಾ ಕಿಟ್‌ನಲ್ಲಿ ನೋಡಿಸಿ, ಇಲ್ಲವೇ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಕೊಡಿ. ಬಾಟಲಿಯ ಮೇಲೆ ಊರು, ಬೋರ್‌ವೆಲ್ ಇರುವ ಜಾಗ, ತಾರೀಖು ಬರೆದಿರಲಿ. ಅಂಗನವಾಡಿಯ ನೀರು ಬೇರೆ ಬೋರ್‌ನದಾಗಿದ್ದರೆ ಅದಕ್ಕೂ ಒಂದು ಬಾಟಲಿ ತೆಗೆದುಕೊಂಡು ಹೋಗಿ.